ರೂನಿ ಮನೆತನ ಮತ್ತು ಅವರ ತಂಡ: ಓದುಗರ ಪ್ರಶ್ನೆಗಳಿಗೆ ಉತ್ತರ

ತಲೆಮಾರುಗಳಿಂದ ನಡೆದುಬಂದ ಮನೆತನದ ವ್ಯವಹಾರಗಳ ಬಗ್ಗೆ ಕಳೆದ ತಿಂಗಳು ಬರೆಯುವಾಗ, ಅಮೆರಿಕದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎಂಬ ಫುಟ್‌ಬಾಲ್ ತಂಡವನ್ನು ನಡೆಸಿದ ಡ್ಯಾನ್ ರೂನಿ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ನಮ್ಮ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಈ ಸಲದ ಪುಟಗಳನ್ನು ಅವುಗಳಿಗೇ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜ ಹಾಕಿದ ಅಡತ ಅಂಗಡಿ ತಂದೆಯವರ ಕಾಲಕ್ಕೆ ದಾಲ್ ಮಿಲ್ ಆಯಿತು. ಈಗ ನಾವು ಮೂವರು ಅಣ್ಣತಮ್ಮಂದಿರು ನೋಡಿಕೊಳ್ಳುತ್ತಿದ್ದೇವೆ, ನಮ್ಮ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಕೂಡುತ್ತಿದ್ದಾರೆ. ತಾವು ಬರೆದ ಡ್ಯಾನ್ ರೂನಿ ಯಾರು? ತಂಡ ಅವರಿಗೆ ತಂದೆಯಿಂದ ಬಂದದ್ದೋ, ತಾವೇ ಗಳಿಸಿದ್ದೋ? ಅಣ್ಣತಮ್ಮಂದಿರಲ್ಲಿ ಹಿಸ್ಸೆಯ ಮಾತು ಬಂದಾಗ ಅವರು ಏನು ಮಾಡಿದರು?
(ದಾಲ್ ಮಿಲ್ ಮಾಲೀಕರು, ನೆಹರು ಗಂಜ್, ಕಲಬುರಗಿ)

ಉತ್ತರ: ಮಾನ್ಯರೇ, ತಮ್ಮ ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ಬೇಕಾಗುತ್ತದೆಯಾದ್ದರಿಂದ ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ. ಮೊದಲೆರಡಕ್ಕೆ ಈಗ ಉತ್ತರಿಸುತ್ತೇನೆ.

ತಂಡವನ್ನು ಕೊಂಡವರು ಡ್ಯಾನ್ ಅವರ ತಂದೆ ಆರ್ಟ್ ರೂನಿ. ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಭಾನುವಾರ ಹಣ ಪಡೆದು ಆಟ ಆಡಿಸಬಾರದೆಂಬ ಹಳೆಯ ಕಾನೂನು ಸಡಿಲವಾದ 1933ರಲ್ಲಿ, ಅವರು 2,500 ಡಾಲರ್ ಕಟ್ಟಿ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ತಮ್ಮ ತಂಡಕ್ಕೆ ಸ್ಥಾನ ಪಡೆದರು. ಊರಿನ ಬೇಸ್‌ಬಾಲ್ ತಂಡದ ಹೆಸರನ್ನೇ ಎರವಲು ಪಡೆದು ಇದನ್ನೂ ಪೈರೇಟ್ಸ್ ಎಂದು ಕರೆಯುತ್ತಿದ್ದರು. ಉಕ್ಕಿನ ಕಾರ್ಖಾನೆಗಳ ಆ ಊರಿಗೆ ಒಪ್ಪುವಂತೆ ಸ್ಟೀಲರ್ಸ್ ಎಂಬ ಹೆಸರು ಬಂದದ್ದು 1940ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ಆಟಗಾರರು ಹೊರಟುಹೋದಾಗ 1943ರಲ್ಲಿ ಫಿಲಡೆಲ್ಫಿಯಾ ತಂಡದೊಡನೆಯೂ, 1944ರಲ್ಲಿ ಶಿಕಾಗೋದ ಕಾರ್ಡಿನಲ್ಸ್ ತಂಡದೊಡನೆಯೂ ಒಂದಾಗಿ ಆಡಬೇಕಾಯಿತು. 1944ರ ಆ ಜಂಟಿ ತಂಡ ಆಡಿದ ಹತ್ತಕ್ಕೆ ಹತ್ತೂ ಪಂದ್ಯ ಸೋತಿತು. ತಂಡ ಹುಟ್ಟಿದ ಮೊದಲ ನಾಲ್ಕು ದಶಕಗಳಲ್ಲಿ ಪ್ರಶಸ್ತಿ ಎಂಬುದೇ ಇರಲಿಲ್ಲ. ಆದರೂ ಆರ್ಟ್ ಅದನ್ನು ಮಾರಿಬಿಡದೆ ಉಳಿಸಿಕೊಂಡರು.

ಡ್ಯಾನ್ ಹುಟ್ಟಿದ್ದು 1932ರಲ್ಲಿ. ಐವರು ಗಂಡುಮಕ್ಕಳಲ್ಲಿ ಅವರೇ ಹಿರಿಯರು. ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಓದಿ 1955ರಲ್ಲಿ ಪದವಿ ಪಡೆದು, ತಂಡದ ಕಚೇರಿಯಲ್ಲಿ ಕೆಲಸಕ್ಕೆ ಕುಳಿತರು. ಅಧ್ಯಕ್ಷರಾದದ್ದು 1975ರಲ್ಲಿ. ಈ ನಡುವಿನ 20 ವರ್ಷಗಳನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ. ಆಟಗಾರರ ಕರಾರುಗಳು, ಕ್ರೀಡಾಂಗಣದ ಬಾಡಿಗೆ, ಟಿಕೆಟ್ಟಿನ ಲೆಕ್ಕ, ಕೋಚ್‌ಗಳ ನೇಮಕ, ಇತರ ಮಾಲೀಕರೊಡನೆ ಸಭೆ, ಇವೆಲ್ಲವನ್ನೂ ಕೈಯಾರೆ ಮಾಡಿ ಕಲಿತ ಮೇಲೆ ಪದವಿ ಬಂತು. ಆದ್ದರಿಂದ ತಂಡ ತಂದೆಯಿಂದ ಬಂತು, ಅದನ್ನು ನಡೆಸುವ ಯೋಗ್ಯತೆಯನ್ನು ಅವರು ಗಳಿಸಿದರು ಎಂಬುದು ನನ್ನ ಉತ್ತರ. ತಂದೆಯವರು 1964ರಲ್ಲಿಯೂ ಮಗ 2000ದಲ್ಲಿಯೂ ಅಮೆರಿಕದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಅಂಥ ಗೌರವ ಪಡೆದ ತಂದೆ-ಮಗನ ಮೊದಲ ಜೋಡಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಟಿಮ್ ಮಾರಾ ಮತ್ತು ವೆಲಿಂಗ್ಟನ್ ಮಾರಾ, ಎರಡನೆಯ ಜೋಡಿ ಇವರು.

ಮಾರಾ ಮನೆತನದ ಹೆಸರು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅದಿಲ್ಲದೆ ಪಿಟ್ಸ್‌ಬರ್ಗಿನ ಕಥೆ ಅರ್ಥವಾಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಟಿವಿಯಿಂದ ಹಣ ಬರತೊಡಗಿದಾಗ, ನ್ಯೂಯಾರ್ಕಿನಂಥ ಮಹಾನಗರದ ತಂಡ ತನ್ನ ಪಂದ್ಯಗಳನ್ನು ತಾನೇ ಮಾರಿಕೊಂಡು ಉಳಿದವರಿಗಿಂತ ಹಲವು ಪಟ್ಟು ಗಳಿಸಬಹುದಿತ್ತು. ಆದರೆ ಟಿಮ್ ಅವರ ಮಕ್ಕಳಾದ ಮಾರಾ ಸಹೋದರರು ಎಲ್ಲರ ಪಂದ್ಯಗಳನ್ನೂ ಒಟ್ಟಾಗಿ ಮಾರಿ ಬಂದದ್ದನ್ನು ಸಮನಾಗಿ ಹಂಚಿಕೊಳ್ಳಲು ಒಪ್ಪಿದರು. ಅದಕ್ಕೆ ಅನುವು ಮಾಡಿಕೊಡುವ ಕಾನೂನು 1961ರಲ್ಲಿ ಬಂತು. 1962ರಲ್ಲಿ ಸಿಬಿಎಸ್ ವಾಹಿನಿ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟಿತು, 14 ತಂಡಗಳು ಅದನ್ನು ಸಮಪಾಲು ಮಾಡಿಕೊಂಡವು. ರೂನಿಯವರಂಥ ಒಂದು ಸಂಸಾರವು ನಡುಗಾತ್ರದ ಊರಿನಲ್ಲಿ ತಂಡವನ್ನು ಉಳಿಸಿಕೊಳ್ಳಲು ಸಾಧ್ಯವಾದದ್ದು ಈ ಸಮಪಾಲಿನಿಂದ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಆಡುವ ಫುಟ್‌ಬಾಲ್ ಇದೇ ಏನು?
(ದೈಹಿಕ ಶಿಕ್ಷಕರು, ಬೀದರ್)

ಉತ್ತರ: ಅಲ್ಲ ಗುರುಗಳೇ. ನಮ್ಮ ಮಕ್ಕಳು ಕಾಲಿನಲ್ಲಿ ಆಡುವುದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಒಂದೊಂದು ಕಡೆಯಿಂದ 11 ಮಂದಿ, 100 ಗಜದ ಅಂಕಣ. ಚೆಂಡು ಹಿಡಿದ ತಂಡವು ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಮೈಮೇಲೆ ಬಿದ್ದು ತಡೆಯುವ ಪಟ್ಟನ್ನು ಕಬಡ್ಡಿಯಲ್ಲಿ ನೋಡಿ ಬೆಳೆದ ತಮ್ಮ ಮಕ್ಕಳಿಗೆ ಇದು ಬೇಗ ತಿಳಿದೀತು. ಇಂದು ಆ ಲೀಗ್‌ನಲ್ಲಿ 32 ತಂಡಗಳಿವೆ. ವರ್ಷದ ಅಂತಿಮ ಪಂದ್ಯಕ್ಕೆ ಸೂಪರ್ ಬೌಲ್ ಎಂದು ಹೆಸರು.

ಪ್ರಶ್ನೆ: ಮೊದಲ ವರ್ಷವೇ 14ರಲ್ಲಿ 13 ಪಂದ್ಯ ಸೋತ ಕೋಚ್ ಒಬ್ಬರನ್ನು ಈ ತಂಡದವರು 23 ವರ್ಷ ಇಟ್ಟುಕೊಂಡರೆಂದು ಓದಿದೆ. ಮಾಲೀಕರ ಹಣ ಹೋಗುತ್ತಿರುವಾಗ ಇಷ್ಟು ತಾಳ್ಮೆ ಎಲ್ಲಿಂದ ಬಂತು?
(ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ)

ಉತ್ತರ: ತಾವು ಓದಿದ್ದು ನಿಜ. ಆ ಕೋಚ್ ಚಕ್ ನಾಲ್. ಡ್ಯಾನ್ ರೂನಿಯವರ ಇಡೀ ವೃತ್ತಿಜೀವನದಲ್ಲಿ ಅತಿ ಮುಖ್ಯವಾದ ಕೆಲಸ ಯಾವುದೆಂದು ಕೇಳಿದರೆ, 1969ರ ಜನವರಿಯಲ್ಲಿ ಮಾಡಿದ ಈ ನೇಮಕವನ್ನೇ ನಾನು ತೋರಿಸುತ್ತೇನೆ.

ಇದಕ್ಕೆ ಮೊದಲು ತಂಡದಲ್ಲಿ ಕೋಚ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ಆರ್ಟ್ ರೂನಿ ಉದಾರ ಮನಸ್ಸಿನವರು, ಸ್ನೇಹಕ್ಕೆ ಬೆಲೆ ಕೊಡುವವರು. ಹೀಗಾಗಿ ಹಳೆಯ ಪರಿಚಯದವರೇ ಮತ್ತೆ ಮತ್ತೆ ಆ ಕುರ್ಚಿಗೆ ಬಂದರು. ಅದರ ಬೆಲೆ ಎಷ್ಟೆಂಬುದಕ್ಕೆ 1955ರ ಪ್ರಸಂಗವೊಂದು ಸಾಕು. ಪಿಟ್ಸ್‌ಬರ್ಗಿನಲ್ಲಿಯೇ ಹುಟ್ಟಿ ಬೆಳೆದ ಜಾನಿ ಯುನೈಟಸ್ ಎಂಬ ಹುಡುಗನನ್ನು ತಂಡ ಆಯ್ದುಕೊಂಡಿತು, ಆದರೆ ಋತುವಿಗೆ ಮುಂಚಿನ ಪಂದ್ಯಗಳಲ್ಲಿ ಆಡಲು ಅವಕಾಶವನ್ನೂ ಕೊಡದೆ ಮನೆಗೆ ಕಳಿಸಿತು. ಆತ ಬಾಲ್ಟಿಮೋರ್ ತಂಡ ಸೇರಿ 1958 ಮತ್ತು 1959ರಲ್ಲಿ ಅದಕ್ಕೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟು, ಆ ಆಟದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಆಗಷ್ಟೇ ಪದವಿ ಮುಗಿಸಿ ಕಚೇರಿಗೆ ಬಂದಿದ್ದ ಡ್ಯಾನ್ ಈ ನಷ್ಟವನ್ನು ಹತ್ತಿರದಿಂದ ಕಂಡರು.

ನಾಲ್ ಬಂದಾಗ ಅವರಿಗೆ 37 ವರ್ಷ. ಮೊದಲ ಪಂದ್ಯ ಗೆದ್ದು ಉಳಿದ 13ನ್ನೂ ಸೋತರು. ಮರುವರ್ಷ 5 ಗೆಲುವು, ಅದರ ಮರುವರ್ಷ 6. ಸಂಖ್ಯೆಗಳನ್ನಷ್ಟೇ ನೋಡುವವರು ಅವರನ್ನು ಆಗಲೇ ಕಳಿಸಿಬಿಡುತ್ತಿದ್ದರು. ಆದರೆ ಕಚೇರಿಯಲ್ಲಿ ಕುಳಿತು ಪ್ರತಿದಿನದ ಕೆಲಸ ನೋಡುತ್ತಿದ್ದ ಡ್ಯಾನ್‌ಗೆ, ಸೋಲಿನ ಅಡಿಯಲ್ಲಿ ಏನು ನಡೆಯುತ್ತಿದೆ ಎಂಬುದು ಕಾಣುತ್ತಿತ್ತು: ಹೊಸ ಆಟಗಾರರನ್ನು ಎಚ್ಚರದಿಂದ ಆರಿಸಲಾಗುತ್ತಿತ್ತು, ಅವರಿಗೆ ಆಟದ ಮೂಲ ಪಟ್ಟುಗಳನ್ನು ಮೊದಲಿನಿಂದ ಕಲಿಸಲಾಗುತ್ತಿತ್ತು. ಗಂಜ್‌ಗೆ ಬರುವ ತೊಗರಿ ಬೆಳೆಗಾರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮುಂಗಾರಿನಲ್ಲಿ ಬಿತ್ತಿದ್ದು ಚಳಿಗಾಲಕ್ಕೆ ಕೈಗೆ ಬರುತ್ತದೆ, ನಡುವೆ ಹೊಲದ ಒಡೆಯ ಪ್ರತಿವಾರ ಬೇರು ಕಿತ್ತು ನೋಡುವುದಿಲ್ಲ.

ಆಟಗಾರರನ್ನು ಆರಿಸುವ ವಿಭಾಗವನ್ನು ಡ್ಯಾನ್ ಅವರ ತಮ್ಮ ಆರ್ಟ್ ರೂನಿ ಜೂನಿಯರ್ ನೋಡಿಕೊಳ್ಳುತ್ತಿದ್ದರು. ಅವರ ಜೊತೆಗೆ ಬಿಲ್ ನನ್ ಎಂಬವರಿದ್ದರು. ಇವರು ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಕ್ರೀಡಾ ಬರಹಗಾರರಾಗಿದ್ದು, ತಂಡವು ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳನ್ನು ಕಡೆಗಣಿಸುತ್ತಿದೆ ಎಂದು ಮುನಿದಿದ್ದವರು. ಈ ನನ್ ಅವರನ್ನು ಡ್ಯಾನ್ ಕರೆದು ಮಾತಾಡಿಸಿ, ದೂರಿದ್ದರೆ ಒಳಗೆ ಬಂದು ಸರಿಪಡಿಸಿರೆಂದು ಕೆಲಸ ಕೊಟ್ಟರು. ನನ್ ತಿರುಗಿದ ಸಣ್ಣ ಊರುಗಳ ಕಾಲೇಜುಗಳಿಂದ ಮೆಲ್ ಬ್ಲೌಂಟ್, ಎಲ್.ಸಿ. ಗ್ರೀನ್‌ವುಡ್, ಜಾನ್ ಸ್ಟಾಲ್‌ವರ್ತ್, ಡಾನಿ ಶೆಲ್ ಬಂದರು. ಕಾಲೇಜು ಆಟಗಾರರನ್ನು ಲೀಗ್‌ನ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, 1974ರ ಒಂದೇ ವರ್ಷ ಸ್ಟೀಲರ್ಸ್ ತಂಡಕ್ಕೆ ಸಿಕ್ಕ ನಾಲ್ವರು ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಟೀಕಿಸಿದವರನ್ನು ಮನೆಯೊಳಗೆ ಕರೆದು ಕುರ್ಚಿ ಹಾಕಿದ ಈ ನಡೆ ನನಗೆ ಸೂಪರ್ ಬೌಲ್‌ಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 2021ರಲ್ಲಿ ನನ್ ಅವರಿಗೂ ಅದೇ ಗೌರವ ಸಂದಿತು. ಆದರೆ ಅವರು ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದವು.

1974ರಿಂದ 1979ರವರೆಗಿನ ಆರು ಋತುಗಳಲ್ಲಿ ತಂಡ ನಾಲ್ಕು ಸೂಪರ್ ಬೌಲ್ ಗೆದ್ದಿತು. ನಾಲ್ 1991ರ ಋತುವಿನ ನಂತರ ನಿವೃತ್ತರಾದಾಗ 34 ವರ್ಷದ ಬಿಲ್ ಕೌವರ್ ಬಂದರು, 2007ರಲ್ಲಿ ಅದೇ 34ರ ಹರೆಯದ ಮೈಕ್ ಟಾಮ್ಲಿನ್ ಬಂದರು. ಇಬ್ಬರೂ ಒಂದೊಂದು ಸೂಪರ್ ಬೌಲ್ ತಂದುಕೊಟ್ಟರು. 1969ರಿಂದ ಡ್ಯಾನ್ ತೀರಿಕೊಂಡ 2017ರವರೆಗೆ, 48 ವರ್ಷಗಳಲ್ಲಿ, ಆ ತಂಡಕ್ಕೆ ಮೂವರೇ ಮುಖ್ಯ ಕೋಚ್‌ಗಳು. ತಾಳ್ಮೆ ಎಲ್ಲಿಂದ ಬಂತೆಂದು ಕೇಳಿದ್ದೀರಿ. ಷೇರುಪೇಟೆಗೆ ಉತ್ತರ ಹೇಳಬೇಕಾದ ಕಂಪನಿಯ ಅಧಿಕಾರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ಒತ್ತಡವಿರುತ್ತದೆ. ಡ್ಯಾನ್ ತಮ್ಮ ತಂದೆಗೆ ಮತ್ತು ತಾವು ನಡೆದಾಡುವ ಬೀದಿಗೆ ಉತ್ತರ ಹೇಳಿದರೆ ಸಾಕಿತ್ತು. ತಂದೆ ಬಾಳಿದ ನಾರ್ತ್ ಸೈಡ್ ಬಡಾವಣೆಯ ಮನೆಯಲ್ಲಿಯೇ ಅವರೂ ಬಾಳಿದರು, ಪಂದ್ಯದ ದಿನ ಅಲ್ಲಿಂದ ಕ್ರೀಡಾಂಗಣಕ್ಕೆ ನಡೆದೇ ಹೋಗುತ್ತಿದ್ದರು.

ಪ್ರಶ್ನೆ: 'ರೂನಿ ನಿಯಮ' ಎಂಬ ಮಾತನ್ನು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯಲ್ಲಿ ಕೇಳಿದ್ದೇನೆ. ಅದು ಇವರದೇ ಏನು? ಅದು ಮೀಸಲಾತಿಯೇ?
(ಪದವಿ ವಿದ್ಯಾರ್ಥಿ, ಯಾದಗಿರಿ)

ಉತ್ತರ: ಇವರದೇ. ಲೀಗ್‌ನ ಆಟಗಾರರಲ್ಲಿ ಬಹುಪಾಲು ಕಪ್ಪು ಜನರಿದ್ದರೂ ಮುಖ್ಯ ಕೋಚ್‌ಗಳಲ್ಲಿ ಅವರು ಬೆರಳೆಣಿಕೆಯಷ್ಟೇ ಇದ್ದರು. ಟೋನಿ ಡಂಜಿ, ಡೆನ್ನಿಸ್ ಗ್ರೀನ್ ಎಂಬ ಇಬ್ಬರು ಕಪ್ಪು ಕೋಚ್‌ಗಳನ್ನು ಅವರ ತಂಡಗಳು ಕೆಲಸದಿಂದ ತೆಗೆದ ಬೆನ್ನಿಗೆ, 2002ರಲ್ಲಿ ವಕೀಲರಾದ ಸೈರಸ್ ಮೆಹ್ರಿ ಮತ್ತು ಜಾನಿ ಕಾಕ್ರನ್ ಈ ಅನ್ಯಾಯದ ಬಗ್ಗೆ ವರದಿಯೊಂದನ್ನು ಹೊರತಂದರು. ಲೀಗ್ ನೇಮಿಸಿದ ಸಮಿತಿಗೆ ಡ್ಯಾನ್ ರೂನಿ ಮುಖ್ಯಸ್ಥರಾದರು. 2003ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಮುಖ್ಯ ಕೋಚ್ ಹುದ್ದೆ ತೆರವಾದಾಗ ಪ್ರತಿ ತಂಡವೂ ಅಲ್ಪಸಂಖ್ಯಾತ ಸಮುದಾಯದ ಒಬ್ಬ ಅಭ್ಯರ್ಥಿಯನ್ನಾದರೂ ಸಂದರ್ಶಿಸಲೇಬೇಕಿತ್ತು. ಅದೇ ವರ್ಷ ಡೆಟ್ರಾಯ್ಟ್ ತಂಡ ಹಾಗೆ ಮಾಡದೆ ನೇಮಕ ಮಾಡಿಕೊಂಡದ್ದಕ್ಕೆ ಅದರ ಮುಖ್ಯಾಧಿಕಾರಿ 2 ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಇದು ನಮ್ಮ ಅರ್ಥದ ಮೀಸಲಾತಿಯಲ್ಲ. 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ದೊರೆತಂತೆ ಇಲ್ಲಿ ಹುದ್ದೆಗಳು ಮೀಸಲಾಗಿಲ್ಲ, ಸಂದರ್ಶನದ ಕೋಣೆಯ ಬಾಗಿಲು ಮಾತ್ರ ತೆರೆಯಬೇಕು. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ: ನೇಮಿಸಬೇಕಾದವರನ್ನು ಮೊದಲೇ ನಿರ್ಧರಿಸಿ, ಹೆಸರಿಗೊಂದು ಸಂದರ್ಶನ ಮಾಡಿ ಮುಗಿಸಬಹುದು. ತಮಗೆ ಹೀಗೆಯೇ ಆಯಿತೆಂದು ದೂರಿ ಬ್ರಯನ್ ಫ್ಲೋರೆಸ್ ಎಂಬ ಕೋಚ್ 2022ರಲ್ಲಿ ಲೀಗ್‌ನ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. ಕೆಲವೇ ವಾರಗಳಲ್ಲಿ ಅವರಿಗೆ ಸಹಾಯಕ ಕೋಚ್ ಕೆಲಸ ಕೊಟ್ಟದ್ದು ಸ್ಟೀಲರ್ಸ್ ತಂಡ. ನಿಯಮಕ್ಕೆ ಹೆಸರು ಕೊಟ್ಟ ಮನೆಯವರು ಅದರ ಅಕ್ಷರವನ್ನಷ್ಟೇ ಅಲ್ಲ, ಆಶಯವನ್ನೂ ಪಾಲಿಸಿದರು ಎಂದು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಮ್ಮ ಮನೆಯ ಬಿದ್ರಿ ಕೆಲಸದಲ್ಲಿ ನಾನೂ ಕೈ ಕೂಡಿಸುತ್ತೇನೆ, ಆದರೆ ಗಿರಾಕಿಗಳೊಡನೆ ಮಾತು, ಲೆಕ್ಕ ಎಲ್ಲ ಅಣ್ಣನದೇ. ಇಂಥ ತಂಡಗಳಲ್ಲಿ ಹೆಣ್ಣುಮಕ್ಕಳಿಗೆ ಅಧಿಕಾರ ಬಂದದ್ದುಂಟೇ?
(ಬೀದರಿನ ಓದುಗರು)

ಉತ್ತರ: ಉಂಟು ತಂಗಿ. ಸಿನ್ಸಿನಾಟಿ ಬೆಂಗಾಲ್ಸ್ ತಂಡವನ್ನು 1968ರಲ್ಲಿ ಕಟ್ಟಿದವರು ಪಾಲ್ ಬ್ರೌನ್. ಅದಕ್ಕೆ ಮುಂಚೆ ಕ್ಲೀವ್‌ಲ್ಯಾಂಡಿನ ತಂಡವನ್ನು ಆರಂಭದಿಂದ ಬೆಳೆಸಿ, ಹೊಸ ಮಾಲೀಕರಿಂದ 1963ರಲ್ಲಿ ಹೊರದೂಡಿಸಿಕೊಂಡಿದ್ದವರು ಅವರು. ಅವರ ಮೊಮ್ಮಗಳು ಕೇಟಿ ಬ್ಲ್ಯಾಕ್‌ಬರ್ನ್ ಕಾನೂನು ಓದಿ ಬಂದು, ಆಟಗಾರರ ಕರಾರುಗಳನ್ನು ಮಾತಾಡಿ ಕುದುರಿಸುವ ಕೆಲಸವನ್ನೇ ಕೈಗೆತ್ತಿಕೊಂಡು, ತಂಡದ ಕಾರ್ಯನಿರ್ವಾಹಕ ಉಪಾಧ್ಯಕ್ಷೆಯಾದರು. ಲೀಗ್ ಗೊತ್ತುಮಾಡಿದ ಸಂಬಳದ ಮಿತಿಯೊಳಗೆ ಇಡೀ ತಂಡವನ್ನು ಕೂಡಿಸುವ ಆ ಲೆಕ್ಕ ಎಂಥವರಿಗೂ ಕಠಿಣವೇ. ಶಿಕಾಗೋ ಬೇರ್ಸ್ ತಂಡದ ಸ್ಥಾಪಕ ಜಾರ್ಜ್ ಹಾಲಸ್ ಅವರ ಏಕೈಕ ಮಗ 1979ರಲ್ಲಿ ತೀರಿಕೊಂಡರು. 1983ರಲ್ಲಿ ಹಾಲಸ್ ತಾವೂ ತೀರಿಕೊಂಡಾಗ ತಂಡ ಬಂದದ್ದು ಮಗಳು ವರ್ಜೀನಿಯಾ ಮ್ಯಾಕ್‌ಕಾಸ್ಕಿಯವರ ಕೈಗೆ. ಹನ್ನೊಂದು ಮಕ್ಕಳ ತಾಯಿಯಾದ ಅವರು 2025ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಒಡತಿಯಾಗಿಯೇ ಇದ್ದರು. ಅವರ ಹಿರಿಯ ಮಗ ಮೈಕೆಲ್ 1983ರಿಂದ ಅಧ್ಯಕ್ಷರಾಗಿದ್ದರು. 1999ರಲ್ಲಿ ಕೋಚ್ ನೇಮಕವೊಂದು ಕೆಟ್ಟುಹೋದ ಮೇಲೆ, ಅವರನ್ನು ಆ ಸ್ಥಾನದಿಂದ ಸರಿಸಿ ಮನೆಯ ಹೊರಗಿನ ಟೆಡ್ ಫಿಲಿಪ್ಸ್ ಅವರನ್ನು ಕೂರಿಸಲಾಯಿತು. ತಾಯಿಯಾಗಿ ಅದು ಎಷ್ಟು ಭಾರವಾಗಿತ್ತೆಂದು ಊಹಿಸಬಲ್ಲೆ. ನೀವು ಲೆಕ್ಕದ ಪುಸ್ತಕವನ್ನು ಅಣ್ಣನಿಂದ ಕೇಳಿ ಪಡೆಯಿರಿ, ಕೇಟಿಯವರ ದಾರಿ ಅಲ್ಲಿಂದಲೇ ಶುರುವಾದದ್ದು.

ಈಗ ಗಂಜ್‌ನ ಮಾಲೀಕರ ಮೂರನೆಯ ಪ್ರಶ್ನೆ: ಹಿಸ್ಸೆಯ ಮಾತು.

ಮಾನ್ಯರೇ, ನನ್ನ ತಂದೆಯವರು ಅದೇ ಗಂಜ್‌ನ ಒಂದು ಅಡತ ಅಂಗಡಿಯಲ್ಲಿ ಮುನೀಮರಾಗಿದ್ದರು. ಹೆಸರು ಹೇಳುವುದಿಲ್ಲ. ಅಣ್ಣತಮ್ಮಂದಿರು ಬೇರೆಯಾದ ದಿನ ಅಂಗಡಿಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು, ಇಬ್ಬರಿಗೂ ಬೇಡವಾದ ಹಳೆಯ ಕೀರ್ದಿ ಪುಸ್ತಕಗಳನ್ನು ತಂದೆಯವರು ಮನೆಗೆ ಹೊತ್ತು ತಂದರು. ಆದ್ದರಿಂದ ತಮ್ಮ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ರೂನಿ ಮನೆಯಲ್ಲಿ ಎಲ್ಲವೂ ನಗುನಗುತ್ತ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆಟಗಾರರನ್ನು ಹುಡುಕಿ ಕೊಟ್ಟ ಅದೇ ತಮ್ಮ ಆರ್ಟ್ ಜೂನಿಯರ್ ಅವರನ್ನು, 1980ರ ದಶಕದ ಉತ್ತರಾರ್ಧದಲ್ಲಿ ತಂಡ ಸೊರಗಿದಾಗ, ಡ್ಯಾನ್ ಆ ಕೆಲಸದಿಂದ ತೆಗೆದರು. ನಾಲ್ಕು ಪ್ರಶಸ್ತಿಗಳಲ್ಲಿ ಆ ತಮ್ಮನ ದುಡಿಮೆಯ ಪಾಲು ದೊಡ್ಡದಿತ್ತಾದ್ದರಿಂದ ಗಾಯ ಆಳವಾಗಿಯೇ ಆಯಿತು. ಆದರೆ ಕೆಲಸ ಹೋದರೂ ಹಿಸ್ಸೆ ಹೋಗಲಿಲ್ಲ. ಕೆಲಸ ಬೇರೆ, ಒಡೆತನ ಬೇರೆ ಎಂಬ ಈ ಗೆರೆಯನ್ನು ಆ ಮನೆ ಎಂದೂ ಅಳಿಸಲಿಲ್ಲ. ನಮ್ಮ ಅಂಗಡಿಗಳಲ್ಲಿ ಇದೇ ಮೊದಲು ಅಳಿಸಿಹೋಗುವ ಗೆರೆ.

ಆರ್ಟ್ ರೂನಿ 1988ರಲ್ಲಿ ತೀರಿಕೊಂಡರು. ಐವರು ಮಕ್ಕಳಿಗೂ ತಲಾ ಶೇ 16ರಷ್ಟು, ಮ್ಯಾಕ್‌ಗಿನ್ಲಿ ಎಂಬ ನೆಂಟರ ಮನೆತನಕ್ಕೆ ಶೇ 20ರಷ್ಟು ಪಾಲಿತ್ತು. ಸಮಪಾಲು ನ್ಯಾಯವೇ. ಆದರೆ ಲೀಗ್‌ನ ನಿಯಮದ ಪ್ರಕಾರ ಪ್ರತಿ ತಂಡಕ್ಕೂ ಶೇ 30ರಷ್ಟಾದರೂ ಪಾಲು ಹೊಂದಿದ ಒಬ್ಬ ಮುಖ್ಯ ಒಡೆಯ ಇರಬೇಕಿತ್ತು, ಇಲ್ಲಿ ಯಾರ ಬಳಿಯೂ ಅಷ್ಟಿರಲಿಲ್ಲ. ಇದರ ಜೊತೆಗೆ ಸಹೋದರರಾದ ಟಿಮ್ ಮತ್ತು ಪ್ಯಾಟ್ ಅವರ ಆಡಳಿತದಲ್ಲಿ ಮನೆತನಕ್ಕೆ ಸೇರಿದ ಕುದುರೆ, ನಾಯಿ ಓಟದ ಪಂದ್ಯಗಳ ಮೈದಾನಗಳಿದ್ದವು, ಅಲ್ಲಿಗೆ ಜೂಜಿನ ಯಂತ್ರಗಳಂಥ ವ್ಯವಹಾರ ಬಂದಿತ್ತು. ತಂಡದ ಒಡೆಯರು ಜೂಜಿನಲ್ಲಿ ಕೈಹಾಕಬಾರದೆಂಬುದು ಆಗ ಲೀಗ್‌ನ ಇನ್ನೊಂದು ನಿಯಮವಾಗಿತ್ತು. 2008ರ ಹೊತ್ತಿಗೆ ಸಹೋದರರೆಲ್ಲ 70ರ ಆಸುಪಾಸಿನವರು. ಒಡೆಯ ತೀರಿಕೊಂಡಾಗ ಆಸ್ತಿಯ ಮೇಲೆ ಬೀಳುವ ತೆರಿಗೆ ಅಮೆರಿಕದಲ್ಲಿ ಈಗಲೂ ಇದೆ (ನಮ್ಮಲ್ಲಿ ಅಂಥದ್ದು 1985ರಲ್ಲಿ ರದ್ದಾಯಿತು). 1933ರ 2,500 ಡಾಲರಿನ ತಂಡದ ಬೆಲೆ ಆ ಹೊತ್ತಿಗೆ ಎಷ್ಟೋ ಕೋಟಿ ಡಾಲರ್‌ಗಳಿಗೆ ಏರಿದ್ದರಿಂದ, ಆಟದಿಂದ ಬರುವ ವರಮಾನದಲ್ಲಿ ಮಕ್ಕಳು ಆ ತೆರಿಗೆ ಕಟ್ಟುವುದು ದುಸ್ತರವಾಗಿತ್ತು.

2008ರಲ್ಲಿ ಹೊರಗಿನ ಶ್ರೀಮಂತ ಹೂಡಿಕೆದಾರರೊಬ್ಬರು ಇಡೀ ತಂಡವನ್ನೇ ಕೊಳ್ಳಲು ಮುಂದೆ ಬಂದರು. ಸಹೋದರರು ಒಪ್ಪಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಡ್ಯಾನ್ ಮತ್ತು ಅವರ ಮಗ, 2003ರಿಂದ ತಂಡದ ಅಧ್ಯಕ್ಷರಾಗಿದ್ದ ಎರಡನೆಯ ಆರ್ಟ್ ರೂನಿ, ತಿಂಗಳುಗಟ್ಟಲೆ ಮಾತುಕತೆ ನಡೆಸಿ, ಹೊರಗಿನಿಂದ ಹಲವು ಸಣ್ಣ ಪಾಲುದಾರರನ್ನು ಕರೆತಂದು, ಸಹೋದರರ ಪಾಲನ್ನು ಪೂರ್ತಿಯಾಗಿಯೋ ಭಾಗಶಃವೋ ಕೊಂಡರು. ಟಿಮ್ ಮತ್ತು ಪ್ಯಾಟ್ ತಂಡದಿಂದ ಹೊರಬಂದು ಓಟದ ಮೈದಾನಗಳನ್ನು ಇಟ್ಟುಕೊಂಡರು, ಉಳಿದ ಇಬ್ಬರು ಸಣ್ಣ ಪಾಲು ಉಳಿಸಿಕೊಂಡರು. ಲೀಗ್‌ನ ಇತರ ಮಾಲೀಕರು ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. ಮರುವರ್ಷ ಫೆಬ್ರುವರಿಯಲ್ಲಿ ತಂಡ ತನ್ನ ಆರನೆಯ ಸೂಪರ್ ಬೌಲ್ ಗೆದ್ದಿತು, ಆ ಬೇಸಿಗೆಯಲ್ಲಿ ಡ್ಯಾನ್ ಅಮೆರಿಕದ ರಾಯಭಾರಿಯಾಗಿ ತಮ್ಮ ಪೂರ್ವಜರ ನೆಲವಾದ ಐರ್ಲೆಂಡಿಗೆ ಹೋದರು.

ತಾವು ಮೂವರೂ ಇನ್ನೂ ಒಂದೇ ಗದ್ದಿಗೆಯ ಮೇಲೆ ಕುಳಿತು ಲೆಕ್ಕ ನೋಡುತ್ತಿದ್ದೀರಿ. ಈ ಸಲದ ತೊಗರಿಯ ಆವಕ ಮುಗಿದ ಮೇಲೆ, ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಮಿಲ್ಲಿಗೇ ಕರೆಸಿ ಮೂರು ಸಂಗತಿಗಳನ್ನು ಬರೆಸಿಡಿ ಎಂದು ಕೇಳಿಕೊಳ್ಳುತ್ತೇನೆ: ಮಿಲ್ಲಿನಲ್ಲಿ ದುಡಿಯುವ ಮಗನಿಗೆ ಸಂಬಳವೆಷ್ಟು, ದುಡಿಯದ ಮಗನಿಗೂ ಮಗಳಿಗೂ ಪಾಲೆಷ್ಟು, ಒಬ್ಬರು ಹೊರಹೋಗುವುದಾದರೆ ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು. ಈ ಮೂರನೆಯದಕ್ಕಾಗಿ ಐವರು ರೂನಿ ಸಹೋದರರು ತಂದೆ ತೀರಿಕೊಂಡ 20 ವರ್ಷಗಳ ನಂತರ ಬ್ಯಾಂಕಿನವರನ್ನೂ ವಕೀಲರನ್ನೂ ನಡುವೆ ಕೂರಿಸಿಕೊಂಡು ಮಾತಾಡಬೇಕಾಯಿತು.